ಬೆಲ್ಲದ ಅಚ್ಚು ಎತ್ತೋಕೆ ಎಷ್ಟು ಬಲ ಬೇಕು? | ಮಂಡ್ಯ ವ್ಲಾಗ್

ಸ್ಕ್ರೀನ್ ಸರಿಯಾಗಿ ಕಾಣಿಸುತ್ತಿದೆ ಅಲ್ವಾ? ಇದು ಪೈಬುಲೆಟ್, ರೋಬೋಟ್‌ಗಳನ್ನು ಕಂಪ್ಯೂಟರ್ ಒಳಗೇ ಓಡಿಸಿ ನೋಡುವ ಸಾಫ್ಟ್‌ವೇರ್. ಸರ್ವೋ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್, ಕೂರಿಸಿದ ತೋಳು, ಅದರ ತುದಿಯ ಇಕ್ಕಳದಲ್ಲಿ ಕಂದು ಡಬ್ಬ. ಆ ಡಬ್ಬವೇ ನಮ್ಮ ಅರ್ಧ ಕೆಜಿ ಬೆಲ್ಲದ ಅಚ್ಚು. ಆಲೆಮನೆಯಲ್ಲಿ ಅಚ್ಚು ಎತ್ತಿ ಜೋಡಿಸುವ ತೋಳು ಮಾಡಬೇಕು ಅಂತ ನನಗೆ ತುಂಬಾ ಆಸೆ.

ಗುರಿ 90 ಡಿಗ್ರಿ. ಇಲ್ಲಿ ರೇಡಿಯನ್ ಲೆಕ್ಕ, ಅಂದರೆ 1.57. ಹಾಕಿದೆ. ನೋಡಿ, ಅಚ್ಚು ಎಲ್ಲೋ ಹಾರಿಹೋಯಿತು!

ಇದೇ ನನಗೆ ಸಿಟ್ಟು ತರಿಸುವುದು. ಬಲಕ್ಕೆ ಮಿತಿ ಬರೆಯದಿದ್ದರೆ ಈ ಸಾಫ್ಟ್‌ವೇರ್ ತಾನೇ ಭಾರೀ ಬಲ ಕೊಟ್ಟುಬಿಡುತ್ತದೆ. ಅಂಥ ಸರ್ವೋ ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ? ಎಲ್ಲರ ಹತ್ತಿರವೂ ಇರುವ ನೀಲಿ ಪುಟ್ಟ ಸರ್ವೋ ಎಸ್‌ಜಿ90 ತಗೊಳ್ಳಿ. ಅದರ ತಿರುಗಿಸುವ ಬಲ 1.8 ಕೆಜಿ-ಸೆಂ.ಮೀ., ಸುಮಾರು 0.18 ನ್ಯೂಟನ್ ಮೀಟರ್. 10 ಸೆಂ.ಮೀ. ತೋಳಿನ ತುದಿಯಲ್ಲಿ 180 ಗ್ರಾಂ ಹಿಡಿದು ನಿಂತರೆ ಅದೇ ದೊಡ್ಡದು. ಆ ಸಂಖ್ಯೆಯನ್ನೇ ಮಿತಿಯಾಗಿ ಹಾಕಿದೆ. ಈಗ ತೋಳು ಜಗ್ಗುವುದೇ ಇಲ್ಲ. ನನಗೆ ಇದೇ ಇಷ್ಟ, ಇದು ನಿಜ ಹೇಳುತ್ತಿದೆ.

ಆಲೆಮನೆಗೆ ಹೋದವರಿಗೆ ಗೊತ್ತು, ಕೊಪ್ಪರಿಗೆ ಪಕ್ಕ ಆ ಘಮ, ಆ ಬಿಸಿ... ಅಯ್ಯೋ, ಕ್ಲಿಪ್ ಮುಗಿಯುತ್ತಿದೆ, ಬನ್ನಿ.

ಅದಕ್ಕಿಂತ ದೊಡ್ಡ ಸರ್ವೋ ಎಂಜಿ996ಆರ್ ಹಾಕೋಣ. 4.8 ವೋಲ್ಟಿನಲ್ಲಿ 9.4 ಕೆಜಿ-ಸೆಂ.ಮೀ., ಅಂದರೆ 0.92 ನ್ಯೂಟನ್ ಮೀಟರ್. ಎತ್ತಿತು! ಆದರೆ ಎಷ್ಟು ಜರ್ಕ್ ನೋಡಿ. ಗುರಿಯನ್ನು ಒಂದೇ ಸಲ ಕೊಟ್ಟರೆ ಹೀಗೇ ಆಗುವುದು. ಇಲ್ಲಿ ಸಾಫ್ಟ್‌ವೇರ್ ಒಂದು ಸೆಕೆಂಡನ್ನು 240 ಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ. ಎರಡು ಸೆಕೆಂಡಿಗೆ 480. ಪ್ರತಿ ಹೆಜ್ಜೆಗೂ ಗುರಿಯನ್ನು 0.19 ಡಿಗ್ರಿಯಷ್ಟೇ ಮುಂದಕ್ಕೆ ತಳ್ಳುತ್ತೇನೆ. ಈಗ ನೋಡಿ, ಅಚ್ಚು ಅಲುಗಾಡದೆ ಮೇಲೆ ಬಂತು. ಸಾಫ್ಟ್‌ವೇರ್ ಬಗ್ಗೆ ಆಗ ಬೈದೆ, ಈಗ ಬಹಳ ಇಷ್ಟವಾಗುತ್ತಿದೆ.

ಒಂದು ವಿಷಯ. 0.92 ಅನ್ನುವುದು ಸರ್ವೋ ಉಸಿರು ಬಿಗಿಹಿಡಿದು ನಿಂತಾಗಿನ ಬಲ. ದಿನವಿಡೀ ಅಷ್ಟು ದುಡಿಸಿದರೆ ಸುಟ್ಟುಹೋಗುತ್ತದೆ. ಹಾಗಾಗಿ ಮಿತಿಯನ್ನು ಅರ್ಧಕ್ಕೆ, 0.46ಕ್ಕೆ, ಇಳಿಸುತ್ತೇನೆ. 10 ಸೆಂ.ಮೀ. ತೋಳಿನಲ್ಲಿ ಅಚ್ಚಿಗೆ ಬೇಕಾದ್ದೇ 0.49. ಸಾಲದು, ನೋಡಿ, ಕೆಳಗೇ ಉಳಿಯಿತು.

ತೋಳನ್ನು 7 ಸೆಂ.ಮೀ.ಗೆ ಇಳಿಸುತ್ತಿದ್ದೇನೆ. ಆಗ 0.34 ಸಾಕು, ತೋಳಿನ ತೂಕಕ್ಕೂ ಒಂಚೂರು ಜಾಗ ಉಳಿಯುತ್ತದೆ. ರನ್ ಕೊಟ್ಟೆ. ಎತ್ತುತ್ತಿದೆ, ಎತ್ತುತ್ತಿದೆ... ಹಾಂ, ಬಂತು!