ಫಾಸ್ಟ್ ಅಂದರೆ ಬಿಗಿ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳಿದ್ದರೆ ದಯವಿಟ್ಟು ರೇಡಿಯೋ ಹತ್ತಿರ ಕರೆದು ಕೂರಿಸಿಕೊಳ್ಳಿ. ಇಂದಿನ ಮಾತು ಮುಖ್ಯವಾಗಿ ಅವರಿಗೆ.

ವಿಮಾನದಲ್ಲಿ ಕೂತವರು ‘ಫಾಸನ್ ಯುವರ್ ಸೀಟ್ ಬೆಲ್ಟ್’ ಅನ್ನುವ ಸೂಚನೆ ಕೇಳಿರುತ್ತೀರಿ. ಆ ಫಾಸನ್ ಅನ್ನುವುದನ್ನು ಬರೆದು ನೋಡಿ. ಒಳಗೆ ಇಡೀ ಫಾಸ್ಟ್ ಅನ್ನುವ ಪದ ಕೂತಿದೆ, ಟಿ ಅಕ್ಷರವನ್ನು ಮಾತ್ರ ನಾವು ನುಂಗಿಬಿಡುತ್ತೇವೆ. ಹಾಗಾದರೆ ಬೆಲ್ಟನ್ನು ಬೇಗ ಹಾಕಿಕೊಳ್ಳಿ ಅಂತ ಅರ್ಥವೇ? ಅಲ್ಲ. ಬಿಗಿಯಾಗಿ ಕಟ್ಟಿಕೊಳ್ಳಿ ಅಂತ. ಫಾಸ್ಟ್ ಅಂದರೆ ಬಿಗಿ. ವೇಗ ಅನ್ನುವ ಅರ್ಥ ಆಮೇಲೆ ಬಂದದ್ದು. ಈ ಒಂದು ಮಾತು ನೆನಪಿಟ್ಟುಕೊಂಡರೆ ನನಗೆ ಸಾಕು.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇದು ಫ್ಯಾಸ್ಟ್ ಅಂತಿತ್ತು. ಅಲುಗಾಡದ್ದು, ನೆಲೆಯೂರಿದ್ದು, ಭದ್ರವಾದದ್ದು ಅಂತ ಅರ್ಥ. ಭದ್ರ ಮಾಡುವುದಕ್ಕೆ ಫ್ಯಾಸ್ಟ್ನಿಯನ್ ಅನ್ನುತ್ತಿದ್ದರು. ಅದೇ ಸವೆದು ಇವತ್ತಿನ ಫಾಸನ್ ಆಗಿದೆ.

ನಾನು ಮೇಷ್ಟ್ರಾದ ಮೊದಲ ವರ್ಷ ನಡೆದದ್ದು ಹೇಳುತ್ತೇನೆ. ಪಾಠದಲ್ಲಿ ಒಂದು ವಾಕ್ಯ ಬಂತು. ದೋಣಿಯನ್ನು ದಡದ ಕಂಬಕ್ಕೆ ತಂದು ‘ಮೇಡ್ ಫಾಸ್ಟ್’ ಮಾಡಿದರು ಅಂತ. ಅರ್ಥ ಕೇಳಿದೆ. ಮುಂದಿನ ಬೆಂಚಿನ ಹುಡುಗ ಎದ್ದು, ‘ದೋಣಿಯ ವೇಗ ಹೆಚ್ಚಿಸಿದರು ಸಾರ್’ ಅಂದ. ಬಹಳ ಜಾಣ ಹುಡುಗ. ತಪ್ಪು ಅವನದಲ್ಲ, ಅವನಿಗೆ ಫಾಸ್ಟ್ ಅಂದರೆ ವೇಗ ಅಂತಷ್ಟೇ ಕಲಿಸಿದ್ದರು. ಕಟ್ಟಿಹಾಕಿದರು ಅಂತ ಸರಿಪಡಿಸಿದೆ. ಅವನು ಕೂರಲಿಲ್ಲ. ‘ಓಡುವುದಕ್ಕೂ ಫಾಸ್ಟ್, ಓಡದ ಹಾಗೆ ಕಟ್ಟುವುದಕ್ಕೂ ಫಾಸ್ಟ್, ಅದು ಹೇಗೆ ಸಾರ್?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನಪ್ಪ ಅಂದೆ.

ಸಂಜೆ ಊರಿಗೆ ಹೋದೆ. ಮಳೆಗಾಲ. ಅಮ್ಮ ಹಾಲು ಕರೆಯಲು ಕೂತಿದ್ದರು, ಕರುವನ್ನು ಹಿಡಿದುಕೊಳ್ಳುವುದು ನನ್ನ ಕೆಲಸ. ತೆಂಗಿನ ನಾರಿನ ಹಗ್ಗ ನೆನೆದು ಉಬ್ಬಿತ್ತು. ಗೂಟಕ್ಕೆ ಎರಡು ಸುತ್ತು ಸುತ್ತಿ ಎಳೆದರೆ ನಾರು ಅಂಗೈಗೆ ಚುಚ್ಚುತ್ತಿತ್ತು, ನೀರು ಹಿಂಡಿ ಮೊಣಕೈವರೆಗೆ ಇಳಿಯುತ್ತಿತ್ತು. ಅಮ್ಮ ಕೆಚ್ಚಲಿನಿಂದ ಕೈ ತೆಗೆಯದೆಯೇ, ‘ಜೋರಾಗಿ ಎಳೆದು ಕಟ್ಟೋ’ ಅಂದರು. ಕಟ್ಟಿದೆ. ಗಂಟು ನಿಂತಿತು, ಆದರೆ ಮಳೆಗೆ ನೆಲ ಮೆತ್ತಗಾಗಿತ್ತು. ಕರು ಒಂದು ಸಲ ಜಗ್ಗಿದ್ದೇ ಗೂಟವೇ ಕಿತ್ತು ಬಂತು. ಕರು ಗೂಟದ ಸಮೇತ ತೋಟದ ಕಡೆ ಹಾರಿತು. ಅಮ್ಮ ಕೂಗಿದರು: ‘ಜೋರಾಗಿ ಓಡೋ, ಹಿಡ್ಕೋ!’

ಕರು ಹಿಡಿದು ತಂದು ಕಟ್ಟುವ ಹೊತ್ತಿಗೆ ನನ್ನ ಉತ್ತರ ಸಿಕ್ಕಿತ್ತು. ಜೋರಾಗಿ ಕಟ್ಟು, ಜೋರಾಗಿ ಓಡು. ಜೋರು ಅಂದರೆ ಮೂಲದಲ್ಲಿ ಬಲ, ಪಾರ್ಸಿಯಿಂದ ಬಂದ ಪದ. ಬಲ ಹಾಕಿ ಕಟ್ಟಿದರೆ ಬಿಗಿ, ಬಲ ಹಾಕಿ ಓಡಿದರೆ ವೇಗ. ಇಂಗ್ಲಿಷಿನವರೂ ಇದನ್ನೇ ಮಾಡಿದ್ದಾರೆ. ಗಟ್ಟಿಯಾಗಿ ಹಿಡಿ ಅನ್ನುವ ಪದವನ್ನೇ ಗಟ್ಟಿಯಾಗಿ ಹೊಡೆ, ಗಟ್ಟಿಯಾಗಿ ಓಡು ಅಂತ ಬಳಸುತ್ತಾ ಹೋದರು, ಕೊನೆಗೆ ವೇಗವೇ ಅದರ ಅರ್ಥವಾಗಿ ಉಳಿಯಿತು. ಮಾರನೆ ದಿನ ತರಗತಿಯಲ್ಲಿ ಕರುವಿನ ಕತೆಯನ್ನೇ ಹೇಳಿದೆ. ಹುಡುಗ ಆಗ ಕೂತ.

ಉಪವಾಸಕ್ಕೂ ಇಂಗ್ಲಿಷಿನಲ್ಲಿ ಫಾಸ್ಟ್ ಅನ್ನುತ್ತಾರಲ್ಲ, ಅದೂ ಇದೇ. ನೇಮವನ್ನು ಬಿಗಿಯಾಗಿ ಹಿಡಿಯುವುದು. ನಾವೂ ವ್ರತ ಹಿಡಿದಿದ್ದಾರೆ ಅನ್ನುವುದಿಲ್ಲವೇ? ಆ ಹಿಡಿತ ಮುರಿಯುವ ಊಟ ಬ್ರೇಕ್‌ಫಾಸ್ಟ್. ಬಟ್ಟೆ ಅಂಗಡಿಯಲ್ಲಿ ಫಾಸ್ಟ್ ಕಲರ್ ಅನ್ನುತ್ತಾರೆ. ಆ ಬಣ್ಣ ಓಡುವುದಿಲ್ಲ, ನೂಲನ್ನು ಹಿಡಿದು ಕೂರುತ್ತದೆ. ಗೈಡ್ ಪುಸ್ತಕಗಳಲ್ಲಿ ವೇಗ ಒಂದು ಕಡೆ, ಉಪವಾಸ ಇನ್ನೊಂದು ಕಡೆ, ಸಂಬಂಧವೇ ಇಲ್ಲದ ಹಾಗೆ ಅಚ್ಚು ಮಾಡಿ ಮಕ್ಕಳಿಗೆ ಬಾಯಿಪಾಠ ಮಾಡಿಸುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೇರು ಒಂದೇ. ಬಿಗಿ.

ಸಮಯ ಕಡಿಮೆ ಉಳಿದಿದೆ, ಕಟ್ಟುವುದಕ್ಕೆ, ಬಿಗಿಯುವುದಕ್ಕೆ ಸಂಬಂಧಿಸಿದ ಉಳಿದ ಪದಗಳನ್ನು ಬೇಗ ಹೇಳುತ್ತೇನೆ. ಗಂಟಿಗೆ ನಾಟ್ ಅನ್ನುತ್ತಾರೆ, ಮೊದಲಲ್ಲಿ ಬರೆಯುವ ಕೆ ಸುಮ್ಮನೆ ಇರುವುದಲ್ಲ. ಹಿಂದೆ ಅದನ್ನು ಉಚ್ಚರಿಸಿ ಕ್ನೊಟ್ಟ ಅನ್ನುತ್ತಿದ್ದರು. ಸ್ವೆಟರ್ ಹೆಣೆಯುವ ನಿಟ್ ಕೂಡ ಅದರ ಒಡಹುಟ್ಟು, ಗಂಟು ಹಾಕುವುದು ಅಂತಲೇ ಅದರ ಹಳೆಯ ಅರ್ಥ. ಫೆಟರ್ ಅಂದರೆ ಬೇಡಿ, ಕಾಲು ಅನ್ನುವ ಫುಟ್‌ನ ಬಳಗದ್ದು. ಕುದುರೆ ಏರಲು ಕಾಲಿಡುವ ರಿಕಾಪಿಗೆ ಸ್ಟಿರಪ್ ಅಂತ ಹೆಸರು, ಬಿಡಿಸಿದರೆ ಹತ್ತುವ ಹಗ್ಗ. ಇವೆಲ್ಲ ಅಲ್ಲಿನ ನೆಲದ ಪದಗಳು.

1066ರಲ್ಲಿ ಫ್ರಾನ್ಸಿನ ಉತ್ತರ ಭಾಗದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚಿನಿಂದ ಬಟನ್, ಬಕಲ್, ಲೇಸ್ ಬಂದವು. ಬಕಲ್ ಎಂಬ ಪದ ಆಮೇಲೆ ಬಂದರೂ ವಸ್ತು ಮೊದಲೇ ಇತ್ತು. ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ‘ಸಟನ್ ಹೂ’ ಎಂಬ ಜಾಗದ ಹಳೆಯ ಸಮಾಧಿ ದಿಬ್ಬವನ್ನು 1939ರಲ್ಲಿ ಅಗೆದಾಗ ಏಳನೆಯ ಶತಮಾನದ ಚಿನ್ನದ ಬಕಲ್ ಸಿಕ್ಕಿತು, ತೂಕ 400 ಗ್ರಾಂಗೂ ಹೆಚ್ಚು. ಈಗ ಅದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಇನ್ನೊಂದೇ ಪದ. ನಾಚಿಕೆಯಿಂದ ತಲೆ ತಗ್ಗಿಸಿದವರಿಗೆ ಶೇಮ್‌ಫೇಸ್ಡ್ ಅನ್ನುತ್ತಾರೆ. ನಾಚಿಕೆ ಮುಖದಲ್ಲಿ ಕಾಣುತ್ತದೆ, ಅದಕ್ಕೇ ಫೇಸ್ ಅಂತ ಎಲ್ಲರೂ ತಿಳಿದಿದ್ದಾರೆ. ಹಳೆಯ ರೂಪ ಶೇಮ್‌ಫಾಸ್ಟ್. ನಾಚಿಕೆಗೆ ಬಿಗಿಯಾಗಿ ಕಟ್ಟಿಕೊಂಡವರು ಅಂತ. ಜನರಿಗೆ ಫಾಸ್ಟ್‌ನ ಅರ್ಥ ಮರೆತುಹೋಗಿ, ಬಾಯಿಂದ ಬಾಯಿಗೆ ಅದು ಫೇಸ್ ಆಯಿತು. ಅಲ್ಲಿ ಮುಖ ಇರಲೇ ಇಲ್ಲ, ಇದ್ದದ್ದು ಹಗ್ಗ. ನಮಸ್ಕಾರ.