ಚೀಟಿ ದಾರಿಯಂತೆ ಇರಲಿ

ಕೇಳುಗರಿಗೆ ನಮಸ್ಕಾರ.

ಕೊಟ್ಟಿಗೆಯ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದು ಕೂತವರು, ರೇಡಿಯೊ ಹಚ್ಚಿಕೊಂಡೇ ಪಾತ್ರೆ ಬೆಳಗುತ್ತಿರುವವರು, ನಾಳೆ ಶನಿವಾರ, ಪೇಟೆಗೆ ಹೋಗಬೇಕಲ್ಲ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವವರು, ನಿಮ್ಮನ್ನೇ ನೆನೆದುಕೊಂಡು ಮಾತಾಡುತ್ತಿದ್ದೇನೆ. ನಾನು ಗೃಹವಿಜ್ಞಾನ ಕಲಿಸುವವಳು. ಮನೆ ಹಳ್ಳಿಯಲ್ಲಿ. ಬೇಸಾಯವಿದೆ, ದನಕರುಗಳಿವೆ, ಭಾನುವಾರ ತಪ್ಪದೆ ಚರ್ಚಿನ ಆರಾಧನೆಗೆ ಹೋಗುವ ಕುಟುಂಬ. ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ, ಹೇಳಬೇಕಾದ್ದು ಒಂದೇ ಮಾತು. ಪೇಟೆಯ ಚೀಟಿಯನ್ನು ಸಾಮಾನಿನ ಪ್ರಕಾರ ಬರೆಯಬೇಡಿ. ದಾರಿಯ ಪ್ರಕಾರ ಬರೆಯಿರಿ.

ಇಷ್ಟು ಸಣ್ಣ ವಿಷಯಕ್ಕೆ ಭಾಷಣ ಬೇಕೇ ಎನ್ನಬೇಡಿ. ನಮ್ಮ ಮನೆಯ ಒಂದು ಶನಿವಾರದ ಕಥೆ ಕೇಳಿ.

ಆ ದಿನದ ಚೀಟಿಯಲ್ಲಿ ಇಪ್ಪತ್ತಮೂರು ಬಾಬತ್ತುಗಳಿದ್ದವು. ಯಾರಿಗೆ ಯಾವುದು ನೆನಪಾಯಿತೋ ಅದೇ ಕ್ರಮದಲ್ಲಿ ಬರೆದದ್ದು. ಯಜಮಾನರಿಗೆ ಮೊದಲು ನೆನಪಾದದ್ದು ಕೋಳಿಗಳ ಲಸಿಕೆ. ಮೇಲೆ ಬರೆದಿದ್ದೇವೆ ಅಂತ ಮೊದಲು ಅದನ್ನೇ ಕೊಂಡೆವು. ಗಾಡಿಯ ಸೀಟಿನ ಮೇಲೆ ಇಟ್ಟೆವು. ಆಮೇಲೆ ಪಂಪಿನ ಬಿಡಿಭಾಗದ ಅಂಗಡಿ. ಪಂಪಿನ ರಬ್ಬರ್ ಉಂಗುರ ಸವೆದು ನೀರು ಸೋರುತ್ತಿತ್ತು. ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ, "ಹಳೆಯದನ್ನು ತಂದಿದ್ದೀರಾ?" ಹಳೆಯದು ಅಡುಗೆಮನೆಯ ಕಿಟಕಿಯ ಕಟ್ಟೆ ಮೇಲೆ ಕೂತಿತ್ತು. ಅಂದಾಜಿನ ಮೇಲೆ ಒಂದು ಅಳತೆಯದನ್ನು ತಂದೆವು. ಅಲ್ಲಿಂದ ಜಮೀನಿನ ಕಾಗದಕ್ಕೆ ಕಚೇರಿಗೆ ಹೋದರೆ ಶನಿವಾರ ಅರ್ಧ ದಿನವಂತೆ, ಬಾಗಿಲು ಹಾಕಿತ್ತು. ಮಕ್ಕಳ ಪುಸ್ತಕ, ಹಿಂಡಿ ಮೂಟೆ, ಅತ್ತೆಯವರ ಕನ್ನಡಕ, ಹೀಗೆ ಒಂದೇ ರಸ್ತೆಯನ್ನು ಮೂರು ಸಲ ದಾಟಿದೆವು. ಚಿಕ್ಕವಳು ಹಿಂದಿನ ಸೀಟಿನಲ್ಲಿ ಅಳುತ್ತಲೇ ನಿದ್ದೆ ಹೋದಳು.

ಚೀಟಿಯ ಕೊನೆಯ ಸಾಲು ಆಸ್ಪತ್ರೆ. ನಮ್ಮ ಸಭೆಯ ಹಿರಿಯ ಅಜ್ಜಿಯೊಬ್ಬರು ಅಲ್ಲಿ ಮಲಗಿದ್ದರು. ಯಜಮಾನರಿಗೆ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವರು. ನಾವು ಹೋಗುವಷ್ಟರಲ್ಲಿ ರೋಗಿಗಳನ್ನು ನೋಡುವ ಸಮಯ ಮುಗಿದು ಹೋಗಿತ್ತು. ಬಾಗಿಲಿನಿಂದಲೇ ವಾಪಸು ಬಂದೆವು.

ಮನೆ ಮುಟ್ಟಿದಾಗ ಕತ್ತಲಾಗಿತ್ತು. ಲಸಿಕೆ ಬೆಚ್ಚಗಾಗಿತ್ತು. ಅದು ಇರಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ನಮ್ಮ ಗಾಡಿಯಲ್ಲಿ ಐದು ಗಂಟೆ ಬಿಸಿಲು ಕಂಡಿತ್ತು. ಅದನ್ನು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಭಾನುವಾರ ಬೆಳಿಗ್ಗೆ ಉಂಗುರ ಹಾಕಿ ನೋಡಿದರೆ ಅಳತೆ ಸರಿಯಿಲ್ಲ. ದನಗಳಿಗೆ ನೀರಿಲ್ಲ. ಯಜಮಾನರು ಪಂಪಿನ ಹತ್ತಿರವೇ ಉಳಿದರು, ನಾನು ಮಕ್ಕಳನ್ನು ಕರೆದುಕೊಂಡು ಆರಾಧನೆಗೆ ಹೋದೆ. ಮಕ್ಕಳು ಪ್ರಸಂಗದುದ್ದಕ್ಕೂ ತೂಕಡಿಸಿದರು. ಮುಂದಿನ ವಾರ ಗುಣವಾಗಿ ಮನೆಗೆ ಬಂದ ಅಜ್ಜಿಯನ್ನು ನೋಡಲು ಹೋದಾಗ ಅವರು ಬೇಸರವಿಲ್ಲದೆ ಒಂದೇ ಮಾತು ಅಂದರು: "ಶನಿವಾರ ಬರ್ತೀರಿ ಅಂತ ಬಾಗಿಲ ಕಡೆಗೇ ನೋಡ್ತಾ ಇದ್ದೆ ಕಣಮ್ಮಾ."

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನಮಗೆ ಸಮಯ ಕಡಿಮೆ ಇತ್ತೇ? ಇಲ್ಲ. ಬೆಳಿಗ್ಗೆಯಿಂದ ಪೇಟೆಯಲ್ಲೇ ಇದ್ದೆವು, ಆಸ್ಪತ್ರೆಯ ಮುಂದೆಯೇ ಎರಡು ಸಲ ಹಾದುಹೋಗಿದ್ದೆವು. ಚೀಟಿಯಲ್ಲಿ ಅದು ಕೆಳಗಿತ್ತು, ಅಷ್ಟೇ.

ಈಗ ನಮ್ಮ ಚೀಟಿ ಹೇಗಿದೆ ಹೇಳುತ್ತೇನೆ. ಒಂದು ಹಾಳೆಯ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ. ಆ ಗೆರೆಯೇ ದಾರಿ. ನಿಲ್ಲುವ ಜಾಗಗಳನ್ನು ಗೆರೆಯ ಮೇಲೆ ಸರದಿಯಂತೆ ಬರೆಯುವುದು. ಬಲಗಡೆ, ಅಲ್ಲಿಂದ ತರುವುದು. ಎಡಗಡೆ, ಮನೆಯಿಂದ ಒಯ್ಯುವುದು: ಹಳೆಯ ಬಿಡಿಭಾಗ, ಔಷಧಿಯ ಚೀಟಿ, ಕಾಗದಪತ್ರ, ಖಾಲಿ ಡಬ್ಬ. ಎಡಗಡೆಯನ್ನು ಎಲ್ಲರೂ ಮರೆಯುತ್ತಾರೆ. ದಿನ ಕೆಡುವುದು ಅಲ್ಲೇ. ಹಾಳೆ ಸೋಮವಾರದಿಂದಲೇ ಬಾಗಿಲ ಹಿಂದೆ ತೂಗಾಡುತ್ತಿರಲಿ, ಮನೆಯವರೆಲ್ಲ ಆಯಾ ಜಾಗದ ಪಕ್ಕದಲ್ಲಿ ಬರೆಯಲಿ. ಒಯ್ಯುವ ಸಾಮಾನು ಶುಕ್ರವಾರ ರಾತ್ರಿಯೇ ಗಾಡಿ ಸೇರಲಿ.

ಸರದಿ ಹೇಗೆ? ಆರು ಕಡೆ ನಿಲ್ಲಬೇಕಾದರೆ ಸುತ್ತುವ ಬಗೆಗಳು 720! ಗಾಬರಿ ಬೇಡ. ಬೇಗ ಮುಚ್ಚುವುದು ಮೊದಲು, ತಣ್ಣಗಿರಬೇಕಾದ್ದು ಕೊನೆಗೆ, ಉಳಿದದ್ದು ದಾರಿ ಹೇಳಿದಂತೆ. ಹಾಲು, ಮಾಂಸದಂಥದ್ದು ಹೊರಗಿನ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಹೊರಗೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಆಸ್ಪತ್ರೆಯಲ್ಲಿ ಒಬ್ಬರು ಕಾಯುತ್ತಿದ್ದರೆ ಅದೂ "ಬೇಗ ಮುಚ್ಚುವ" ಜಾಗವೇ. ಮೇಲೆ ಬರೆಯಿರಿ.

ಶನಿವಾರಕ್ಕೆ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಅದರ ಹಿಂದೆಯೇ ಭಾನುವಾರ ಇದೆ. ಸತ್ಯವೇದದಲ್ಲಿ ವಿಮೋಚನಕಾಂಡದ 16ನೇ ಅಧ್ಯಾಯ ನೆನಪಿದೆಯಲ್ಲ? ಅರಣ್ಯದಲ್ಲಿ ಇಸ್ರಾಯೇಲ್ಯರು ದೇವರು ಕೊಟ್ಟ ಆಹಾರವಾದ ಮನ್ನವನ್ನು ಕೂಡಿಸುವಾಗ ಬೇರೆ ದಿನ ತಲೆಗೆ ಒಂದು ಓಮೆರ್ ಅಳತೆ, ಆರನೆಯ ದಿನ ಮಾತ್ರ ಎರಡು. ಬೇರೆ ದಿನ ಉಳಿಸಿಟ್ಟದ್ದು ಹುಳಬಿತ್ತು, ಆರನೆಯ ದಿನ ಇಟ್ಟದ್ದು ಕೆಡಲಿಲ್ಲ. ಏಳನೆಯ ದಿನದ ವಿಶ್ರಾಂತಿ ಸಿದ್ಧವಾದದ್ದು ಆರನೆಯ ದಿನದ ಕೆಲಸದಲ್ಲಿ. ಆ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನಕ್ಕೆ ನಮ್ಮ ಹಳೆಯ ಸತ್ಯವೇದದಲ್ಲಿ "ಸೌರಣೆಯ ದಿನ" ಎಂಬ ಮಾತೇ ಇದೆ. ಸೌರಣೆ ಅಂದರೆ ಸಿದ್ಧತೆ. ಎಷ್ಟು ಚೆಂದದ ಮಾತು! ನಮಗೆ ಕರ್ತನ ದಿನ ಭಾನುವಾರ, ಹಾಗಾಗಿ ನಮ್ಮ ಸೌರಣೆ ಶನಿವಾರ.

ಹಳ್ಳಿಯವರಿಗೆ ಇದು ಇನ್ನೂ ಹೆಚ್ಚು ಬೇಕು. ಕ್ರಿಸ್ತಶಕ 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಭಾನುವಾರ ಪಟ್ಟಣದವರು ಕೆಲಸ ನಿಲ್ಲಿಸಬೇಕೆಂದು ಶಾಸನ ಹೊರಡಿಸಿದ. ರೈತರಿಗೆ ಮಾತ್ರ ಬಿಡುವು ಕಡ್ಡಾಯ ಮಾಡಲಿಲ್ಲ. ಬಿತ್ತನೆಯ ಹದ ತಪ್ಪಿದರೆ ಮತ್ತೆ ಬಾರದು ಎಂಬುದು ಆತನಿಗೂ ಗೊತ್ತಿತ್ತು. ಹಸುವಿಗೆ ಭಾನುವಾರ ಗೊತ್ತಾಗುತ್ತದೆಯೇ? ಹಾಲು ಕರೆಯಲೇಬೇಕು, ನೀರು ಕುಡಿಸಲೇಬೇಕು. ಭಾನುವಾರದ ಒಂದು ಪಾಲು ಕೊಟ್ಟಿಗೆಗೆ ಹೋಗಿಯೇ ಹೋಗುತ್ತದೆ. ಉಳಿದದ್ದಕ್ಕೂ ಶನಿವಾರದ ಬಾಕಿ ಬಂದು ಕೂತರೆ ಆರಾಧನೆಗೆ ಏನು ಉಳಿಯಿತು? ಪಂಪಿನ ಹತ್ತಿರ ಕೂತ ನಮ್ಮ ಯಜಮಾನರ ಪಾಡು ಉಳಿಯಿತು.

ಯೇಸು ಮನೆಗೆ ಬಂದಾಗ ಉಪಚಾರದ ಕೆಲಸದಲ್ಲೇ ಮುಳುಗಿದ್ದ ಮಾರ್ಥಳ ಹೆಸರು ಹೇಳಿ ದುಡಿಯುವ ಹೆಂಗಸರನ್ನು ಗದರಿಸುವವರಿದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಲೂಕನ ಸುವಾರ್ತೆಯಲ್ಲಿ ಕರ್ತನು ಅವಳಿಗೆ ಹೇಳಿದ್ದು, ನೀನು ಅನೇಕ ವಿಷಯಗಳಲ್ಲಿ ಚಿಂತೆಪಟ್ಟು ಕಳವಳಗೊಂಡಿದ್ದೀ ಎಂದು. ಕೆಲಸ ಮಾಡಬೇಡ ಎಂದಲ್ಲ. ಇಪ್ಪತ್ತಮೂರು ಬಾಬತ್ತನ್ನು ತಲೆಯಲ್ಲಿ ಹೊತ್ತವಳಿಗೆ ಕಳವಳ ಬಾರದೆ ಇರುತ್ತದೆಯೇ? ತಲೆಯಿಂದ ಇಳಿಸಿ ಹಾಳೆಗೆ ಹಾಕಿ. ದಾರಿಯಂತೆ ಹಾಕಿ.

ಸಮಯವಾಗುತ್ತಿದೆ ಎಂದು ಇಲ್ಲಿ ಕೈ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ವಾರವಿಡೀ ಒಂದೊಂದಕ್ಕೇ ಓಡುವ ಬದಲು ಒಂದೇ ಸುತ್ತು ಹಾಕಿದರೆ ಇಂಧನವೂ ಉಳಿಯುತ್ತದೆ. ತಣ್ಣಗಿರುವ ಎಂಜಿನ್ ಹೊರಡುವಾಗ ಹೆಚ್ಚು ಕುಡಿಯುತ್ತದೆ. ಕೀಟನಾಶಕ ತಂದರೆ ಆಹಾರದ ಪಕ್ಕ, ಮೇವಿನ ಪಕ್ಕ, ಮಕ್ಕಳು ಕೂರುವಲ್ಲಿ ಇಡಲೇಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ. ಮಕ್ಕಳನ್ನು ಸುಮ್ಮನೆ ಕೂರಿಸಬೇಡಿ, ಚೀಟಿ ಅವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ದೇವರ ಮಾತನ್ನು ಮನೆಯಲ್ಲಿ ಕೂತಾಗಲೂ ದಾರಿಯಲ್ಲಿ ನಡೆಯುವಾಗಲೂ ಮಕ್ಕಳಿಗೆ ಹೇಳಿಕೊಡಿ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಪೇಟೆಯ ದಾರಿಗಿಂತ ಒಳ್ಳೆಯ ದಾರಿ ಎಲ್ಲಿ ಸಿಗುತ್ತದೆ? ನಮ್ಮ ದೊಡ್ಡವಳು 23ನೇ ಕೀರ್ತನೆಯನ್ನು ಬಾಯಿಪಾಠ ಮಾಡಿದ್ದು ಹಿಂಡಿ ಮೂಟೆಯ ಪಕ್ಕ ಕೂತು.

ಈಗ ಎದ್ದು ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಗಡೆಯಿಂದಲೇ ಶುರು ಮಾಡಿ. ನಮಸ್ಕಾರ.