ಪೂಲ್ ಪ್ಲಾಸ್ಟರ್: ಬಣ್ಣ ಆಮೇಲೆ, ಮೊದಲು ನೀರು ನೋಡಿ

ನಮಸ್ಕಾರ. ಈಗ ಪರದೆ ಮೇಲಿರೋದು ಬರೀ ಕಾಂಕ್ರೀಟ್ ತೊಟ್ಟಿ. ಪೈಪ್ ಎಲ್ಲಾ ಕೂತಿದೆ, ನೀರಿನ ಮಟ್ಟದ ಟೈಲ್ಸೂ ಹಚ್ಚಿ ಆಗಿದೆ. ಬಾಕಿ ಇರೋದು ಒಳಗಿನ ಕೊನೇ ಪದರ, ಅಂದ್ರೆ ಪ್ಲಾಸ್ಟರ್. ಈ ಹಂತಕ್ಕೆ ಬಂದ ಕೂಡ್ಲೇ ಎಲ್ಲರ ಕೈ ಬಣ್ಣದ ಕ್ಯಾಟಲಾಗ್ ಕಡೆ ಹೋಗುತ್ತೆ. ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಪೂಲ್‌ಗೆ ತುಂಬಿಸೋ ನೀರು ಇದೆಯಲ್ಲ, ಅದರ ಟೆಸ್ಟ್ ರಿಪೋರ್ಟ್ ಮೊದಲು ತರಿಸಿ.

ಯಾಕೆ ಅಂದ್ರೆ, ಸಿಮೆಂಟ್ ಪ್ಲಾಸ್ಟರ್ ನೀರಿನ ಕೆಳಗೆ ಸುಮ್ಮನೆ ಕೂತಿರಲ್ಲ. ನೀರಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ರೆ, ಆ ನೀರು ಪ್ಲಾಸ್ಟರ್‌ನಿಂದಲೇ ಕ್ಯಾಲ್ಸಿಯಂ ಎಳ್ಕೊಳ್ಳುತ್ತೆ. ಮೇಲ್ಮೈ ಸವೆದು ಒರಟಾಗುತ್ತೆ. ಜಾಸ್ತಿ ಇದ್ರೆ ತದ್ವಿರುದ್ಧ, ಬಿಳೀ ಪದರವಾಗಿ ಕಟ್ಟಿಕೊಳ್ಳುತ್ತೆ. ಮಳೆನೀರು ಅಥವಾ ಸಾಫ್ಟ್‌ನರ್‌ನಿಂದ ಬಂದ ನೀರು ಮೊದಲನೇ ಗುಂಪಿಗೆ, ಗಡಸು ಬೋರ್‌ವೆಲ್ ನೀರು ಎರಡನೇ ಗುಂಪಿಗೆ. ಪೂಲ್‌ನವರು ಇದನ್ನ ಅಳೆಯೋದು ಲ್ಯಾಂಜೆಲಿಯರ್ ಸೂಚ್ಯಂಕದಲ್ಲಿ. ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ), ಉಷ್ಣಾಂಶ, ಕ್ಯಾಲ್ಸಿಯಂ ಗಡಸುತನ, ಆಲ್ಕಲಿನಿಟಿ (ಪಿಎಚ್ ಏರುಪೇರಾಗದ ಹಾಗೆ ತಡೆಯೋ ನೀರಿನ ಗುಣ), ಕರಗಿದ ಲವಣ, ಇಷ್ಟನ್ನೂ ಸೇರಿಸಿ ಬರೋ ಒಂದು ಅಂಕಿ ಅದು. ಮೈನಸ್ 0.3ರಿಂದ ಪ್ಲಸ್ 0.3ರ ಒಳಗಿದ್ರೆ ಪ್ಲಾಸ್ಟರ್‌ಗೆ ತೊಂದರೆ ಇಲ್ಲ. ನಿಮ್ಮ ನೀರು ಸಹಜವಾಗಿ ಯಾವ ಕಡೆ ವಾಲುತ್ತೆ, ವಾಲಿದಾಗ ವಾರವಾರ ಅದನ್ನ ಸರಿಮಾಡೋಕೆ ನಿಮಗೆ ವ್ಯವಧಾನ ಇದೆಯಾ, ಫಿನಿಶ್ ಯಾವುದು ಅನ್ನೋದನ್ನ ಇದೇ ನಿರ್ಧರಿಸ್ಬೇಕು.

ಸರಿ, ಆಯ್ಕೆಗಳಿಗೆ ಬರೋಣ. ಹಳೇದು, ಸರಳವಾದದ್ದು ಬಿಳೀ ಪ್ಲಾಸ್ಟರ್. ಬಿಳಿ ಸಿಮೆಂಟು, ಮಾರ್ಬಲ್ ಪುಡಿ, ನೀರು, ಅಷ್ಟೇ. ತೂಕದಲ್ಲಿ ಒಂದು ಪಾಲು ಸಿಮೆಂಟಿಗೆ ಒಂದೂವರೆಯಿಂದ ಎರಡು ಪಾಲು ಮಾರ್ಬಲ್. ದಪ್ಪ 10ರಿಂದ 13 ಮಿಲಿಮೀಟರ್. ಕಾಲಿಗೆ ನುಣುಪು, ಖರ್ಚು ಎಲ್ಲಕ್ಕಿಂತ ಕಡಿಮೆ, ತಳ ಸ್ಪಷ್ಟವಾಗಿ ಕಾಣುತ್ತೆ. ಆದ್ರೆ ಮಾರ್ಬಲ್ ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ತಾಗಿದ್ರೆ ಕರಗುತ್ತೆ. ಅಂದ್ರೆ ಇಲ್ಲಿ ಸಿಮೆಂಟೂ ಕರಗೋದೇ, ಕಲ್ಲೂ ಕರಗೋದೇ. ಪಿಎಚ್ ಆಗಾಗ ಕೆಳಗಿಳಿಯೋ ಪೂಲ್‌ನಲ್ಲಿ ಇದು ಬೇಗ ಹಾಳಾಗುತ್ತೆ. ಚೆನ್ನಾಗಿ ನೋಡ್ಕೊಂಡ್ರೆ 7ರಿಂದ 10 ವರ್ಷ ಬಾಳುತ್ತೆ ಅಂತ ಲೆಕ್ಕ ಇಟ್ಕೊಳ್ಳಿ.

ಎರಡನೇದು ಕ್ವಾರ್ಟ್ಜ್. ಕಲಸೋದು ಹೆಚ್ಚುಕಮ್ಮಿ ಅದೇ ಥರ, ಆದ್ರೆ ಮಾರ್ಬಲ್ ಜಾಗದಲ್ಲಿ ಕ್ವಾರ್ಟ್ಜ್ ಹರಳು ಬರುತ್ತೆ. ಮೋಸ್ ಗಡಸುತನದ ಅಳತೆಯಲ್ಲಿ ಮಾರ್ಬಲ್ 3, ಕ್ವಾರ್ಟ್ಜ್ 7. ಪೂಲ್‌ನಲ್ಲಿ ಬಳಸೋ ಆಸಿಡ್‌ಗೆ ಕ್ವಾರ್ಟ್ಜ್ ಕರಗಲ್ಲ. ಸುತ್ತಲಿನ ಸಿಮೆಂಟ್ ಸ್ವಲ್ಪ ಸವೆದ್ರೂ ಹರಳು ತಡ್ಕೊಳ್ಳುತ್ತೆ. ಹರಳಿನ ಬಣ್ಣಗಳು ಮಿಶ್ರವಾಗಿರೋದ್ರಿಂದ ಸಣ್ಣಪುಟ್ಟ ಕಲೆ, ಮಚ್ಚೆ ಕಣ್ಣಿಗೆ ಬೀಳಲ್ಲ. ಬಹುಪಾಲು ಮನೆ ಪೂಲ್‌ಗಳಿಗೆ ನನ್ನ ಓಟು ತಿಳಿ ಬಣ್ಣದ ಕ್ವಾರ್ಟ್ಜ್‌ಗೇ.

ಮೂರನೇದು ಪೆಬಲ್, ಸಣ್ಣ ಉರುಟು ಕಲ್ಲು. ಬಳಿದ ಮೇಲೆ, ಸಿಮೆಂಟ್ ಇನ್ನೂ ಪೂರ್ತಿ ಗಟ್ಟಿಯಾಗೋ ಮುಂಚೆ, ಮೇಲಿನ ಕೆನೆಯನ್ನ ನೀರಿಂದ ತೊಳೆದು ಕಲ್ಲು ಹೊರಗೆ ಕಾಣೋ ಹಾಗೆ ಮಾಡ್ತಾರೆ. ಆಮೇಲೆ ತೆಳು ಆಸಿಡ್‌ನಲ್ಲಿ ಒಂದು ತೊಳೆತ. ನೀರಿಗೆ ತಾಗೋದು ಮುಖ್ಯವಾಗಿ ಕಲ್ಲು, ಸಿಮೆಂಟ್ ಅಲ್ಲ. ಅದಕ್ಕೇ 15, 20 ವರ್ಷ ನಿಲ್ಲುತ್ತೆ. ತೊಂದರೆ ಎಲ್ಲಿ ಅಂದ್ರೆ ಅಂಗಾಲಿಗೆ. ಮಕ್ಕಳು ದಿನಾ ಗಂಟೆಗಟ್ಲೆ ಆಡೋ ಪೂಲ್‌ಗೆ ದಪ್ಪ ಪೆಬಲ್ ಹಾಕಿಸಿದ್ರೆ ಕಾಲ್ಬೆರಳು ಕೆರೆದು ಕೆಂಪಾಗುತ್ತೆ. ಹಾಕಿಸೋದೇ ಆದ್ರೆ ಮಿನಿ ಪೆಬಲ್ ಕೇಳಿ. ತೊಳೆಯೋ ಬದಲು ಡೈಮಂಡ್ ಪ್ಯಾಡ್‌ನಿಂದ ಉಜ್ಜಿ ನುಣುಪು ಮಾಡೋ ಪಾಲಿಶ್ಡ್ ಫಿನಿಶ್ ಕೂಡ ಇದೆ. ನೋಡೋಕೂ ಚೆಂದ, ತುಳಿಯೋಕೂ ಚೆಂದ. ಆದ್ರೆ ಉಜ್ಜೋ ಕೈ ಪಳಗಿರ್ಬೇಕು, ಇಲ್ಲಾಂದ್ರೆ ಒಂದು ಕಡೆ ತಗ್ಗು, ಒಂದು ಕಡೆ ದಿಣ್ಣೆ.

ಈಗ ಬಣ್ಣ. ಪೂಲ್ ನೀಲಿ ಕಾಣ್ಬೇಕಾದ್ರೆ ಪ್ಲಾಸ್ಟರ್ ನೀಲಿ ಇರ್ಬೇಕು ಅಂತೇನಿಲ್ಲ. ನೀರೇ ಕೆಂಪು ಬೆಳಕನ್ನ ಹೀರ್ಕೊಳ್ಳುತ್ತೆ. ಬಿಳೀ ತಳ ಇದ್ರೆ ತಿಳಿನೀಲಿ, ಬೂದು ಇದ್ರೆ ಗಾಢ ನೀಲಿ, ಮರಳು ಬಣ್ಣ ಇದ್ರೆ ಹಸಿರು ಬೆರೆತ ನೀಲಿ. ಆಳ ಜಾಸ್ತಿ ಆದ ಹಾಗೆ ಬಣ್ಣವೂ ಗಾಢ. ಅದಕ್ಕೇ ಅಂಗೈಯಗಲದ ಒಣಗಿದ ಸ್ಯಾಂಪಲ್ ನೋಡಿ ಒಪ್ಪಬೇಡಿ. ಅದನ್ನ ಬಿಸಿಲಲ್ಲಿ, ನೀರಲ್ಲಿ ಮುಳುಗಿಸಿ ನೋಡಿ. ಇನ್ನೂ ಒಳ್ಳೇದು ಅಂದ್ರೆ ಅದೇ ಫಿನಿಶ್ ಹಾಕಿರೋ, ನಾಲ್ಕೈದು ವರ್ಷ ಬಳಸಿರೋ ಪೂಲ್‌ಗೆ ಹೋಗಿ ಬನ್ನಿ.

ಗಾಢ ಬಣ್ಣ ಬೇಕೇ ಬೇಕು ಅನ್ನೋರಿಗೆ ಎರಡು ಮಾತು. ಒಂದು, ಸಿಮೆಂಟ್ ಗಟ್ಟಿಯಾಗುವಾಗ ಹೊರಬರೋ ಕ್ಯಾಲ್ಸಿಯಂ ಬಿಳಿ. ಬಿಳೀ ಪ್ಲಾಸ್ಟರ್ ಮೇಲೆ ಅದು ಕಾಣಲ್ಲ, ಕಪ್ಪು ಅಥವಾ ಕಡುನೀಲಿ ಮೇಲೆ ಮೋಡದ ಥರ ಎದ್ದು ಕಾಣುತ್ತೆ. ಎರಡು, ಸುರಕ್ಷತೆ. ಕಪ್ಪು ತಳದಲ್ಲಿ ಮುಳುಗಿದವರು ಬೇಗ ಕಣ್ಣಿಗೆ ಬೀಳಲ್ಲ. ತುಂಬಾ ಜನ ಬರೋ ಪೂಲ್ ಆದ್ರೆ ತಿಳಿ ಬಣ್ಣ ಬಿಟ್ಟು ಬೇರೆ ಯೋಚನೆಯೇ ಬೇಡ. ಇನ್ನು ಬಣ್ಣದ ಪುಡಿ ತಗೊಳ್ಳುವಾಗ ಐರನ್ ಆಕ್ಸೈಡ್, ಕೋಬಾಲ್ಟ್ ಥರದ ಖನಿಜ ಬಣ್ಣವೇ ಇರ್ಲಿ. ಥ್ಯಾಲೊ ನೀಲಿ ಥರದ ಆರ್ಗ್ಯಾನಿಕ್ ಬಣ್ಣ ಕ್ಲೋರಿನ್‌ಗೆ ಮಾಸಿಹೋಗುತ್ತೆ.

ಇನ್ನು ಲೆಕ್ಕ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಪೂಲ್ ತಗೊಳ್ಳಿ. ತಳ 32 ಚದರ ಮೀಟರ್. ಗೋಡೆ, ಸುತ್ತಳತೆ 24 ಇಂಟು ಒಂದೂವರೆ, 36. ಒಟ್ಟು 68 ಚದರ ಮೀಟರ್. 12 ಮಿಲಿಮೀಟರ್ ದಪ್ಪಕ್ಕೆ 0.82 ಘನ ಮೀಟರ್ ಪ್ಲಾಸ್ಟರ್. ಮೂಲೆ, ಮೆಟ್ಟಿಲು, ಚೆಲ್ಲೋದು ಎಲ್ಲಾ ಸೇರಿ 12 ಪರ್ಸೆಂಟ್ ಜಾಸ್ತಿ ಹಿಡಿದ್ರೆ 0.92. ಒಂದಕ್ಕೆ ಒಂದೂವರೆ ಪಾಲಿನ ಬಿಳೀ ಪ್ಲಾಸ್ಟರ್ ಆದ್ರೆ 50 ಕೆಜಿಯ ಸುಮಾರು 14 ಚೀಲ ಬಿಳಿ ಸಿಮೆಂಟು, ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಮಾರ್ಬಲ್. ಚೀಲಕ್ಕೆ ನೀರು 22, 23 ಲೀಟರ್. ಅಷ್ಟೂ ಚೀಲ, ಅಷ್ಟೂ ಬಣ್ಣ ಒಂದೇ ಬ್ಯಾಚ್ ನಂಬರಿನದ್ದಾಗಿರ್ಲಿ. ಕಡಿಮೆ ಬಿತ್ತು ಅಂತ ಮಧ್ಯದಲ್ಲಿ ಬೇರೆ ಬ್ಯಾಚ್ ತಂದ್ರೆ ಆ ಗೆರೆ ಪ್ಲಾಸ್ಟರ್ ಇರೋವರೆಗೂ ಇರುತ್ತೆ.

ಪ್ಲಾಸ್ಟರ್ ಕೂರೋ ಮೇಲ್ಮೈಯ ತಯಾರಿಯಲ್ಲಿ ಹೊಸ ಪೂಲ್ ಸುಲಭ. ಕಾಂಕ್ರೀಟ್‌ಗೆ 28 ದಿನ ಕ್ಯೂರಿಂಗ್, ಆಮೇಲೆ ನೀರು ತುಂಬಿಸಿ ಸೋರಿಕೆ ಪರೀಕ್ಷೆ, ಹೈ ಪ್ರೆಶರ್ ತೊಳೆತ. ಸೋರೋ ತೊಟ್ಟಿಗೆ ಪ್ಲಾಸ್ಟರ್ ಹಾಕಿ ಸೋರಿಕೆ ನಿಲ್ಲಿಸ್ತೀನಿ ಅನ್ನೋ ಮೇಸ್ತ್ರಿ ಮಾತು ನಂಬಬೇಡಿ. ನೀರು ಹಿಡಿಯೋದು ತೊಟ್ಟಿಯ ಕೆಲಸ.

ಹಳೇ ಪೂಲ್‌ಗೆ ಹೊಸ ಪ್ಲಾಸ್ಟರ್ ಅಂದ್ರೆ ಕೆಲಸ ಜಾಸ್ತಿ. ನೀರು ಖಾಲಿ ಮಾಡೋ ಮುಂಚೆ ಒಂದು ಎಚ್ಚರಿಕೆ: ಸುತ್ತ ಅಂತರ್ಜಲ ಮೇಲಿದ್ದಾಗ ಖಾಲಿ ಪೂಲ್ ನೆಲದಿಂದ ಮೇಲೆದ್ದು ಬಿರುಕು ಬಿಡಬಹುದು. ತಳದಲ್ಲಿ ಹೈಡ್ರೋಸ್ಟ್ಯಾಟಿಕ್ ವಾಲ್ವ್, ಅಂದ್ರೆ ಕೆಳಗಿನ ಅಂತರ್ಜಲದ ಒತ್ತಡ ಬಿಡಿಸೋ ವಾಲ್ವ್, ಇದೆಯಾ, ತೆರೆದುಕೊಳ್ಳುತ್ತಾ ನೋಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿದ್ರೇ ಒಳ್ಳೇದು. ಖಾಲಿ ಆದ ಮೇಲೆ ಸುತ್ತಿಗೆ ಹಿಡಿದು ಇಡೀ ಮೇಲ್ಮೈ ತಟ್ಟುತ್ತಾ ಬನ್ನಿ. ಡಬ್‌ಡಬ್ ಅಂತ ಪೊಳ್ಳು ಸದ್ದು ಬಂದ ಕಡೆಯೆಲ್ಲಾ ಗುರುತು ಹಾಕಿ ಕಿತ್ತು ತೆಗೀಬೇಕು. ಪೊಳ್ಳು ಬಿಟ್ಟು ಮೇಲೆ ಬಳಿದ್ರೆ, ನೀರು ಆ ಸಂದಿಗೆ ಹೋಗಿ ಸುಣ್ಣ ಹೊತ್ತು ಹೊರಬಂದು ಮೇಲ್ಮೈಯಲ್ಲಿ ಬಿಳೀ ಗಂಟುಗಳಾಗುತ್ತೆ. ಪೇಂಟ್ ಇದ್ರೆ ಪೂರ್ತಿ ಕಿತ್ತು ಹೋಗ್ಬೇಕು, ಪೇಂಟ್ ಮೇಲೆ ಪ್ಲಾಸ್ಟರ್ ಕಚ್ಚಲ್ಲ. ಟೈಲ್ಸ್ ಕೆಳಗೆ, ರಿಟರ್ನ್ (ಪಂಪ್‌ನಿಂದ ನೀರು ವಾಪಸ್ ಬರೋ ಬಾಯಿ) ಸುತ್ತ, ಡ್ರೈನ್ ಸುತ್ತ, ಲೈಟ್ ಸುತ್ತ ಹಳೇದನ್ನ ಹೊಸ ಪದರದ ದಪ್ಪದಷ್ಟು ಕೆತ್ತಿ ತೆಗೆದು, ಆಮೇಲೆ ಬಾಂಡ್ ಕೋಟ್, ಅಂದ್ರೆ ಹಳೇದಕ್ಕೆ ಹೊಸದು ಕಚ್ಚೋ ಹಾಗೆ ಮಾಡೋ ಪದರ. ಈ ಕೆತ್ತನೆ ತಪ್ಪಿಸಿದ್ರೆ ಅಂಚಲ್ಲಿ ಪ್ಲಾಸ್ಟರ್ ಕಾಗದದಷ್ಟು ತೆಳುವಾಗಿ, ಮೊದಲು ಏಳೋದೂ ಅಲ್ಲಿಂದಲೇ.

ಬಳಿಯೋ ದಿನ ಹೆಚ್ಚು ತಪ್ಪಾಗೋದು ಬಿಸಿಲು ಮತ್ತು ಗಾಳಿಯಿಂದ. ಮೇಲ್ಮೈ ಬೇಗ ಒಣಗಿದ್ರೆ, ಬತ್ತಿದ ಕೆರೆ ತಳದ ಹಾಗೆ, ಕೂದಲೆಳೆ ಬಿರುಕಿನ ಬಲೆ ಬೀಳುತ್ತೆ. ಬೆಳಗಿನ ಜಾವ ಶುರು ಮಾಡಿ, ನೆರಳಿಗೆ ಟಾರ್ಪಾಲು ಕಟ್ಟಿ. ಇಡೀ ಪೂಲ್ ಒಂದೇ ಹೊತ್ತಿನಲ್ಲಿ ಮುಗಿಯೋಷ್ಟು ಜನ ಇರ್ಬೇಕು, ಇಲ್ಲಾಂದ್ರೆ ಜೋಡಣೆ ಗೆರೆ ಉಳಿಯುತ್ತೆ. ಬೇಗ ಗಟ್ಟಿಯಾಗ್ಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಹಾಕೋ ಅಭ್ಯಾಸ ಇದೆ. ಮಿತಿ ಸಿಮೆಂಟ್ ತೂಕದ 2 ಪರ್ಸೆಂಟ್, ಅಂದ್ರೆ 50 ಕೆಜಿ ಚೀಲಕ್ಕೆ 1 ಕೆಜಿ. ಬಿಸಿ ವಾತಾವರಣದಲ್ಲಿ ಅದೂ ಬೇಡ. ಬಣ್ಣದ ಪ್ಲಾಸ್ಟರ್‌ಗಂತೂ ಯಾವತ್ತೂ ಬೇಡ, ಮಚ್ಚೆ ಮಚ್ಚೆಯಾಗುತ್ತೆ.

ಕರಣೆ ಆಡಿಸೋರನ್ನ ಗಮನಿಸಿ. ಪ್ಲಾಸ್ಟರ್ ಬಿಗಿಯಾಗ್ತಾ ಬಂದಾಗ ಕರಣೆ ಜಾರಲಿ ಅಂತ ನೀರು ಚಿಮುಕಿಸ್ತಾರೆ. ಅಲ್ಲೇ ಕೆಡೋದು. ಮೇಲಿನ ಒಂದೆರಡು ಮಿಲಿಮೀಟರ್‌ನಲ್ಲಿ ನೀರು ಜಾಸ್ತಿಯಾಗಿ ಸಿಮೆಂಟ್ ಬಲ ಕಳ್ಕೊಳ್ಳುತ್ತೆ. ಕೆಲವು ತಿಂಗಳಲ್ಲಿ ಅದು ಪುಡಿಯಾಗಿ ಉದುರಿದಾಗ ಬೈಸ್ಕೊಳ್ಳೋದು ನೀರಿಗೆ ಕೆಮಿಕಲ್ ಹಾಕೋನು. ಇನ್ನೊಂದು ಅತಿ ಅಂದ್ರೆ ಗಟ್ಟಿಯಾದ ಮೇಲೂ ಸ್ಟೀಲ್ ಕರಣೆಯಿಂದ ಉಜ್ಜೋದು, ಅಲ್ಲಿ ಬೂದು ಕಪ್ಪು ಪಟ್ಟೆ ಉಳಿಯುತ್ತೆ.

ಪೆಬಲ್‌ಗೆ ಆಸಿಡ್ ತೊಳೆತ ಮಾಡೋವಾಗ: ಆಸಿಡ್‌ಗೆ ನೀರು ಹಾಕಬಾರದು, ನೀರಿಗೆ ಆಸಿಡ್ ಹಾಕ್ಬೇಕು. ಹೊಗೆ ಪೂಲ್ ತಳದಲ್ಲೇ ನಿಲ್ಲುತ್ತೆ, ಮಾಸ್ಕ್, ಗ್ಲೌಸ್, ಗಾಗಲ್ಸ್ ಇಲ್ಲದೆ ಯಾರನ್ನೂ ಇಳಿಸಬೇಡಿ, ಒಬ್ಬರನ್ನೇ ಅಂತೂ ಇಳಿಸಲೇಬೇಡಿ. ತೊಳೆದ ನೀರನ್ನ ಸೋಡಾ ಆ್ಯಶ್ ಹಾಕಿ ಶಮನ ಮಾಡಿದ ಮೇಲೆಯೇ ಹೊರಗೆ ಬಿಡಿ.

ನೀರು ತುಂಬಿಸೋದು. ನಮ್ಮ ಲೆಕ್ಕದ ಪೂಲ್ 48,000 ಲೀಟರ್ ಹಿಡಿಯುತ್ತೆ. ಗಂಟೆಗೆ 2,000 ಲೀಟರ್ ಬಂದ್ರೆ 24 ಗಂಟೆ. ಶುರು ಮಾಡಿದ್ರೆ ಟೈಲ್ಸ್ ಮಧ್ಯದವರೆಗೂ ಎಲ್ಲೂ ನಿಲ್ಲಿಸಬಾರದು, ನಿಂತ ಕಡೆ ಗೋಡೆ ಸುತ್ತ ಗೆರೆ ಬೀಳುತ್ತೆ. ಪೈಪಿನ ತುದಿಗೆ ಬಟ್ಟೆ ಸುತ್ತಿ ಅತಿ ಆಳದ ಜಾಗದಲ್ಲಿಡಿ. ಪೈಪು ನೇರವಾಗಿ ಚಿಮ್ಮಿದ್ರೆ ಹೊಸ ಪ್ಲಾಸ್ಟರ್ ಮೇಲೆ ಗಾಯ ಆಗುತ್ತೆ. ಕರೆಂಟು, ಟ್ಯಾಂಕರ್, ಎಲ್ಲಾ ಮೊದಲೇ ಹೊಂದಿಸಿ.

ತುಂಬಿದ ಕ್ಷಣ ಪಂಪ್ ಆನ್. ಸಿಮೆಂಟ್ ಗಟ್ಟಿಯಾಗ್ತಾ ಸುಣ್ಣ ಬಿಡುತ್ತೆ, ಪಿಎಚ್ ಏರುತ್ತೆ, ತಳದಲ್ಲಿ ಬಿಳೀ ದೂಳು ಕೂರುತ್ತೆ. ಮೊದಲ ದಿನಗಳಲ್ಲಿ ದಿನಕ್ಕೆ ಎರಡು ಸಲ ನೈಲಾನ್ ಬ್ರಶ್, ಗೋಡೆ, ತಳ, ಮೆಟ್ಟಿಲು ಎಲ್ಲಾ. ಕನಿಷ್ಠ ಎರಡು ವಾರ ಬ್ರಶ್ ನಿಲ್ಲಿಸಬೇಡಿ. ಪಿಎಚ್ ದಿನಾ ನೋಡಿ 7.2ರಿಂದ 7.6ರ ಮಧ್ಯೆ ಇಡಿ, ಆಸಿಡ್ ಬೇಕಾದ್ರೆ ಬಕೆಟ್ ನೀರಲ್ಲಿ ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕಿ. ಆಲ್ಕಲಿನಿಟಿ 80 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಅನ್ನೋ ಲೆಕ್ಕ) ಕೆಳಗಿಳಿಯದಿರಲಿ. ಕ್ಯಾಲ್ಸಿಯಂ ಗಡಸುತನ 150ಕ್ಕಿಂತ ಕಡಿಮೆ ಇದ್ರೆ ಏರಿಸಿ, ಮುಂದೆ 200ರಿಂದ 400ರ ನಡುವೆ ಇರ್ಲಿ. ಮೊದಲ 48 ಗಂಟೆ ಕ್ಲೋರಿನ್ ಬೇಡ. ಆಮೇಲೂ ಕರಗಿಸಿಯೇ ಹಾಕಿ. ಕ್ಲೋರಿನ್ ಮಾತ್ರೆಯನ್ನ ತಳಕ್ಕೆ ಎಸೆದ್ರೆ ಅದು ಬಿದ್ದ ಜಾಗ ಬಿಳಿಚಿಕೊಂಡು ಕೊರೆದುಹೋಗುತ್ತೆ, ಅದು ಮತ್ತೆ ಸರಿಹೋಗಲ್ಲ.

ದೂಳು ಪೂರ್ತಿ ನಿಲ್ಲೋವರೆಗೂ ಹೀಟರ್ ಹಾಕಬೇಡಿ. ಚಕ್ರ ಇರೋ ವ್ಯಾಕ್ಯೂಮ್, ರೋಬಾಟ್ 28 ದಿನ ಇಳಿಸಬೇಡಿ, ಚಕ್ರದ ಗೆರೆ ಉಳಿಯುತ್ತೆ. ಮುಂದೆ ಕಲೆ ಕಂಡ್ರೆ ಸೀದಾ ಆಸಿಡ್ ಬಾಟಲಿಗೆ ಕೈ ಹಾಕಬೇಡಿ. ವಿಟಮಿನ್ ಸಿ ಮಾತ್ರೆ ಕಲೆ ಮೇಲೆ ಉಜ್ಜಿ ನೋಡಿ, ತಿಳಿಯಾದ್ರೆ ಅದು ಕಬ್ಬಿಣದ ಕಲೆ. ಎಲೆ, ಪಾಚಿಯ ಕಲೆಯಾಗಿದ್ರೆ ಕ್ಲೋರಿನ್ ಏರಿಸಿ ಬ್ರಶ್ ಮಾಡಿದ್ರೆ ಹೋಗುತ್ತೆ. ಪ್ರತಿ ಆಸಿಡ್ ತೊಳೆತವೂ ಪ್ಲಾಸ್ಟರ್‌ನ ಒಂದು ಪದರ ತಿನ್ನುತ್ತೆ, ಬಿಳೀ ಪ್ಲಾಸ್ಟರ್‌ಗೆ ಅಷ್ಟು ದಪ್ಪ ಇಲ್ಲ.

ಉಪ್ಪಿನ ಕ್ಲೋರಿನೇಟರ್ (ನೀರಿಗೆ ಹಾಕಿದ ಉಪ್ಪಿನಿಂದ ಕ್ಲೋರಿನ್ ಮಾಡೋ ಯಂತ್ರ) ಇರೋರು 28 ದಿನ ಕಳೆದ ಮೇಲೆಯೇ ಉಪ್ಪು ಹಾಕಿ. ಪಂಪ್ ಓಡ್ತಿರುವಾಗ ಅಂಚಿನ ಸುತ್ತ ಚೆಲ್ಲುತ್ತಾ ಹೋಗಿ, ತಳಕ್ಕೆ ಬಿದ್ದಿದ್ದನ್ನ ಬ್ರಶ್‌ನಿಂದ ಎಬ್ಬಿಸಿ ಪೂರ್ತಿ ಕರಗಿಸಿ, ಆಮೇಲೆ ಕ್ಲೋರಿನೇಟರ್ ಆನ್ ಮಾಡಿ.